ಮೌನವು ಸಮ್ಮತಿಯೇ?

ಕಾಸರಗೋಡಿನ ನಮ್ಮ ಹಳ್ಳಿಯಲ್ಲಿ ಗದ್ದೆಬೈಲಿನ ಅಂಚಿಗೆ ವಾಣಿಜ್ಯ ಸಂಕೀರ್ಣವೊಂದನ್ನು ಕಟ್ಟುವ ಪ್ರಸ್ತಾಪವು ಗ್ರಾಮಸಭೆಗೆ ಬಂತು. ತಿಳಿವಳಿಕೆ ಪತ್ರ ಮಲಯಾಳದಲ್ಲಿತ್ತು. ಹಿಂದಿನ ಸಾಲಿನ ಹಿರಿಯ ಕೃಷಿಕರು ತುಟಿ ಬಿಚ್ಚಲಿಲ್ಲ. ‘ಆಕ್ಷೇಪವಿಲ್ಲ’ ಎಂದು ದಾಖಲಾಯಿತು.

1969ರ ಕೇರಳ ಅಧಿಕೃತ ಭಾಷಾ ಕಾನೂನು ಇಲ್ಲಿನ ಕನ್ನಡಿಗರಿಗೆ ಕನ್ನಡದಲ್ಲಿಯೇ ಪತ್ರವ್ಯವಹಾರ ನಡೆಸುವ ಹಕ್ಕನ್ನಿತ್ತಿದೆ. ಹಕ್ಕಿದ್ದೂ ಕೇಳದಿದ್ದುದು ನಮ್ಮ ತಪ್ಪಲ್ಲವೇ? ಹೌದು, ಎರಡೂ ಭಾಷೆ ಬಲ್ಲ ನಾನಾದರೂ ಎದ್ದು ಓದಿ ಹೇಳಬಹುದಿತ್ತು. ಆದರೂ ಅರ್ಥವಾಗದ ಪ್ರಶ್ನೆಗೆ ಸುಮ್ಮನಿದ್ದವನನ್ನು ಒಪ್ಪಿದವನೆಂದು ಎಣಿಸುವುದು ನ್ಯಾಯವೇ? ಕಟ್ಟಡವೇ ಬೇಡವೆಂದಲ್ಲ, ಔಷಧಕ್ಕೂ ಪೇಟೆಗೆ ಅಲೆಯುವವರಿಗೆ ಅದು ಬೇಕು. ಆದರೆ ಆಟಿಯ ಮಳೆಯಲ್ಲಿ ತೋಡಿನ ನೀರು ಎಲ್ಲಿಯವರೆಗೆ ಉಕ್ಕುವುದೆಂಬುದನ್ನು ಬಲ್ಲವರು ಆ ಹಿಂದಿನ ಸಾಲಿನವರೇ. ಸಭೆ ಮುಗಿದ ಮೇಲೆ ಅವರಲ್ಲೊಬ್ಬರು ಅಂಗಳದಲ್ಲಿ ನನ್ನನ್ನು ಕೇಳಿದರು: “ಮಾಷ್ಟ್ರೇ, ತೋಡು ಮುಚ್ಚುವುದುಂಟೋ?”