ಎಂಜಿನ್ ಬದಲಾದರೆ ಬಂಡಿ ಅದೇನಾ?

ಅಬುಧಾಬಿಯ ಎಲೆಕ್ಟ್ರಾ ಸ್ಟ್ರೀಟ್‌ಗೆ ಈಗ ಜಾಯೆದ್ ದಿ ಫಸ್ಟ್ ಸ್ಟ್ರೀಟ್ ಅಂತ ಹೆಸರು. ಟ್ಯಾಕ್ಸಿಯಲ್ಲಿ ಕೂತರೆ ನೀವು ಹೇಳೋದು ಮಾತ್ರ ಎಲೆಕ್ಟ್ರಾ ಅಂತಲೇ. ಹೆಸರು ಬದಲಾದರೂ ಬೀದಿ ಅದೇ. ಎಂಜಿನ್ ಬದಲಾದ ಬಂಡಿ?

ಪಟ್ಟಿಗಳ ಮೇಲೆ ಹಿಮದಲ್ಲಿ ಓಡುವ ಕೆನಡಾದ ಹಳೇ ಬಾಂಬಾರ್ಡಿಯರ್ ಬಿ12ಗೆ ಮೊದಲು ಫೋರ್ಡ್ ವಿ8 ಎಂಜಿನ್ ಇತ್ತು. ಆಮೇಲೆ ಕ್ರೈಸ್ಲರ್ ಬಂತು. ನಮ್ಮೂರ ಅಂಬಾಸಿಡರ್‌ಗೂ 1990ರ ದಶಕದಲ್ಲಿ ಕಾರ್ಖಾನೆಯೇ ಇಸುಜು ಎಂಜಿನ್ ಕೂರಿಸಿತು. ಹಾಗಾದರೆ ‘ಒರಿಜಿನಲ್’ ಯಾವುದು?

ಬದಲಿ ಎಂಜಿನ್ ಆರಿಸುವಾಗ ಹಳೇ ಬಂಡಿಯ ಮಿತಿ ನೋಡಬೇಕು. ಶಕ್ತಿ ಅತಿಯಾದರೆ ಗೇರ್‌ಬಾಕ್ಸ್ ಮುರಿಯುತ್ತೆ, ಭಾರ ಅತಿಯಾದರೆ ಬಂಡಿ ಹಿಮದಲ್ಲಿ ಹೂತುಹೋಗುತ್ತೆ.

ಊರಲ್ಲಿ ಎಂಜಿನ್ ಬದಲಿಸಿದರೆ ಹೊಸ ನಂಬರನ್ನು ಆರ್‌ಸಿಯಲ್ಲಿ ಬರೆಸಬೇಕು. ಉತ್ತರ ಅಲ್ಲೇ ಇದೆ ಅನ್ನಿಸುತ್ತೆ ನನಗೆ: ಬದಲಾಯಿಸೋದು ಮೋಸವಲ್ಲ, ಬಚ್ಚಿಡೋದು ಮೋಸ. ನಿಮ್ಮ ಬೆರಕೆ ಕನ್ನಡಕ್ಕೂ ಇಷ್ಟೇ. ನಾಚಬೇಡಿ, ಓಡಿಸ್ತಾ ಇರಿ.