ಓದಿದೆನೆಂಬ ಭ್ರಾಂತಿ

ಪರೀಕ್ಷೆ ಸಮೀಪಿಸಿದಾಗ ವಿದ್ಯಾರ್ಥಿಯು ಇರುಳೆಲ್ಲ ದೀಪದ ಮುಂದೆ ಕುಳಿತು ಓದುವುದನ್ನು ಕಂಡು ಮನೆಯವರು ಸಂತೋಷಪಡುವರು. ಅವನ ಶ್ರಮವು ಸುಳ್ಳಲ್ಲ. ಆದರೆ ಓದಿದುದೆಲ್ಲವೂ ತಿಳಿದುದಾಯಿತೇ ಎಂದು ಅವನು ತನ್ನನ್ನು ತಾನೇ ಕೇಳಿಕೊಳ್ಳುವನೋ? ವ್ಯಾಸಂಗಕ್ರಮದ ವಿಚಾರವು ಇಲ್ಲಿ ನೀತಿವಿಚಾರವೇ ಆಗುವುದು. ಏಕೆಂದರೆ ಅನ್ಯರನ್ನು ಎಂದೂ ವಂಚಿಸದವನೂ ಪುಸ್ತಕದ ಮುಂದೆ ತನ್ನನ್ನು ತಾನು ವಂಚಿಸಿಕೊಳ್ಳಬಲ್ಲನು.

ಈ ವಂಚನೆಯು ಸೂಕ್ಷ್ಮವಾದುದು. ಒಂದು ಪುಟವನ್ನು ನಾಲ್ಕು ಸಲ ಓದಿದರೆ ಅದರ ಸಾಲುಗಳು ಪರಿಚಿತವಾಗುವುವು. ಆ ಪರಿಚಯವನ್ನೇ ಮನಸ್ಸು ಜ್ಞಾನವೆಂದು ಭ್ರಮಿಸುವುದು. 2006ರಲ್ಲಿ ಅಮೇರಿಕೆಯ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನಶ್ಶಾಸ್ತ್ರಜ್ಞರು ಕಾಲೇಜು ವಿದ್ಯಾರ್ಥಿಗಳ ಮೇಲೆ ನಡೆಸಿದ ಪ್ರಯೋಗವನ್ನು ಪ್ರಕಟಿಸಿದರು. ಒಂದು ಗದ್ಯಭಾಗವನ್ನು ಎರಡು ಸಲ ಓದಿದವರು ಐದು ನಿಮಿಷದ ಬಳಿಕ ಅದರ ವಿಷಯದಲ್ಲಿ ನೂರಕ್ಕೆ 81 ಪಾಲನ್ನು ನೆನೆದರು. ಒಮ್ಮೆ ಓದಿ, ಅನಂತರ ನೋಡದೆ ಜ್ಞಾಪಿಸಿಕೊಂಡು ಬರೆದವರು 75 ಪಾಲನ್ನು ನೆನೆದರು. ಆದರೆ ವಾರದ ಬಳಿಕ ಕೇಳಿದಾಗ ಮೊದಲಿನ ಕ್ರಮದವರಲ್ಲಿ ಉಳಿದುದು 42, ಎರಡನೆಯ ಕ್ರಮದವರಲ್ಲಿ 56.

ಹಾಗಾದರೆ ಹಿರಿಯರ ಕಂಠಪಾಠವು ವ್ಯರ್ಥವೇ ಎಂದು ಕೆಲವರು ಆಕ್ಷೇಪಿಸಬಹುದು. ಕಂಠಪಾಠವೆಂದರೆ ಓಲೆಯನ್ನು ಮರಳಿ ಮರಳಿ ನೋಡುವುದಲ್ಲ, ನೋಡದೆ ಒಪ್ಪಿಸುವುದು. ಬಂಟ್ವಾಳ, ಬೆಳ್ತಂಗಡಿ ಸೀಮೆಯವರಿಗೆ ತಾಳಮದ್ದಳೆಯು ಚಿರಪರಿಚಿತವಷ್ಟೆ. ಭಾಗವತನು ಪದ ಹಾಡಿದೊಡನೆ ಅರ್ಥಧಾರಿಯು ಬರೆದಿಟ್ಟ ಮಾತಿನ ಹಂಗಿಲ್ಲದೆ ಅದನ್ನು ವಿವರಿಸಿ, ಇದಿರು ಪಾತ್ರದವನ ಪ್ರಶ್ನೆಗೆ ಅಲ್ಲಿಯೇ ಉತ್ತರವೀಯಬೇಕು. ಅರಿಯದುದು ಅಲ್ಲಿ ಅಡಗಿರಲಾರದು. ವಿದ್ಯಾರ್ಥಿಯೂ ಪುಸ್ತಕವನ್ನು ಮುಚ್ಚಿ, ಸಹಪಾಠಿಯನ್ನು ಇದಿರಿಗೆ ಕುಳ್ಳಿರಿಸಿ ಅರ್ಥ ಹೇಳಲಿ. ಮಾತು ತಡೆದ ಸ್ಥಳವನ್ನು ಗುರುತಿಸಿ ಅದನ್ನೇ ಓದಲಿ. ಎರಡು ದಿನ ಬಿಟ್ಟು ಮತ್ತೊಮ್ಮೆ, ವಾರ ಬಿಟ್ಟು ಇನ್ನೊಮ್ಮೆ ಹೇಳಿ ನೋಡಲಿ.

ಗ್ರಂಥವು ಬಳಿಯಲ್ಲಿದ್ದರೆ ವಿದ್ಯೆಯೂ ಇದ್ದಂತೆಯೇ ಎಂಬುದು ಇದೇ ಭ್ರಾಂತಿಯ ಇನ್ನೊಂದು ರೂಪ. ಮೂಡಬಿದಿರೆಯ ಬಸದಿಯಲ್ಲಿ ಧವಲ, ಜಯಧವಲ, ಮಹಾಧವಲಗಳ ಓಲೆಪ್ರತಿಗಳು ಶತಮಾನಗಳ ಕಾಲ ಪೂಜೆಗೊಂಡು ಸುರಕ್ಷಿತವಾಗಿದ್ದುವು. ಕಾಪಾಡಿದವರ ಋಣವು ದೊಡ್ಡದು. ಆದರೂ ಪ್ರತಿಯೆತ್ತುವ ಕಾರ್ಯವು ನಡೆದು, 1939ರಿಂದ ಧವಲವು ಅಚ್ಚಾಗತೊಡಗಿದ ಮೇಲೆಯೇ ಅದು ದೂರದ ವಿದ್ವಾಂಸರ ಅಧ್ಯಯನಕ್ಕೆ ಒದಗಿತು. ಕಪಾಟಿನಲ್ಲಿರುವುದು ಸ್ವತ್ತು, ಅಂತರಂಗದಲ್ಲಿ ನೆಲೆಸಿದುದು ವಿದ್ಯೆ.

ನಾಳೆಯೇ ಪರೀಕ್ಷೆಯಿರುವಾಗ ಮರಳಿ ಓದುವುದೇ ಲಾಭವಲ್ಲವೇ? ಅಂಕಗಳ ಮಟ್ಟಿಗೆ ಹಾಗಿದ್ದರೂ ಇರಬಹುದು. ಆದರೆ ವೈದ್ಯನಾಗತಕ್ಕವನ ಬಳಿಗೆ ರೋಗಿಯು ಪರೀಕ್ಷೆಯ ಮರುದಿನ ಬರುವುದಿಲ್ಲ. ಹತ್ತು ವರುಷ ಕಳೆದು ಬರುವನು. ಅಧ್ಯಾಪಕನಾಗತಕ್ಕವನ ಮುಂದೆ ಇನ್ನೂ ಹುಟ್ಟದ ಮಕ್ಕಳು ಕುಳಿತುಕೊಳ್ಳುವರು. ಅವರೆಲ್ಲರಿಗೆ ಸಲ್ಲತಕ್ಕುದನ್ನು ಇಂದೇ ಕೂಡಿಡಬೇಕಾದವನು ವಿದ್ಯಾರ್ಥಿ. ಆದುದರಿಂದ ಪುಸ್ತಕವನ್ನು ಮುಚ್ಚಿ, “ನನಗೆ ಇದು ತಿಳಿಯದು” ಎಂದು ತನ್ನಲ್ಲೇ ಒಪ್ಪಿಕೊಳ್ಳುವ ಧೈರ್ಯವೇ ವ್ಯಾಸಂಗದ ಮೊದಲ ಅಭ್ಯಾಸವಾಗಬೇಕು.