ಹೃದಯ ವಿರಮಿಸುವಾಗಲೂ ಹರಿಯುವ ರಕ್ತ

ಉಪ್ಪಿನಬೆಟಗೇರಿಯಂಥ ಊರುಗಳಲ್ಲಿ ಹಿರಿಯರು ಕಟ್ಟೆಯ ಮೇಲೆ ಕೂತರೆ, ಮಳೆ-ಬೆಳೆಯ ಮಾತಿನ ನಡುವೆ ಈಗ ಇನ್ನೊಂದು ಪ್ರಶ್ನೆಯೂ ಬರುತ್ತದೆ: ‘ನಿಮ್ದು ಬಿಪಿ ಎಷ್ಟೈತ್ರಿ?’ ನಾವು ಎರಡು ಅಂಕಿ ಹೇಳಿ ಸುಮ್ಮನಾಗುತ್ತೇವೆ. ಆ ಅಂಕಿ ಯಾರದು ಎಂದು ಕೇಳಿಕೊಳ್ಳುವುದಿಲ್ಲ. ಅದು ಹೃದಯದ ಬಲವೇ? ಅಥವಾ ಹೃದಯ ನೂಕಿದ ರಕ್ತವನ್ನು ಬರಮಾಡಿಕೊಳ್ಳುವ ನಾಳಗಳ ಸ್ವಭಾವವೇ?

ಹೃದಯವನ್ನು ನಾವು ಬೇಕಾದಷ್ಟು ಹೊಗಳಿದ್ದೇವೆ. ಅದರಿಂದ ಹೊರಟು, ಎದೆಯಲ್ಲಿ ಬಾಗಿ, ಹೊಟ್ಟೆಗಿಳಿಯುವ ಮಹಾಪಧಮನಿಯನ್ನು ನೆನೆದವರು ಕಡಿಮೆ. ಹೃದಯ ದುಡಿಯುವುದು ಒಂದು ಬಡಿತದ ಸುಮಾರು ಮೂರನೇ ಒಂದು ಭಾಗ ಮಾತ್ರ. ಉಳಿದ ಹೊತ್ತು ಅದು ಸಡಿಲಗೊಂಡು ತುಂಬಿಕೊಳ್ಳುತ್ತಿರುತ್ತದೆ. ಹಾಗಿದ್ದರೆ ಆ ವಿರಾಮದಲ್ಲಿ ಮಿದುಳಿಗೆ, ಮೂತ್ರಪಿಂಡಕ್ಕೆ ರಕ್ತ ಕಳಿಸುವವರು ಯಾರು? ಮಹಾಪಧಮನಿಯೇ. ಒಂದು ಬಡಿತಕ್ಕೆ ಹೊರಬೀಳುವ ಸುಮಾರು 70 ಮಿಲಿಲೀಟರ್ ರಕ್ತದಲ್ಲಿ ಅರ್ಧದಷ್ಟನ್ನು ಅದು ಹಿಗ್ಗಿ ತನ್ನಲ್ಲಿ ಇರಿಸಿಕೊಳ್ಳುತ್ತದೆ. ಹೃದಯ ಸುಮ್ಮನಾದೊಡನೆ ಕುಗ್ಗಿ ಅದನ್ನು ಮುಂದಕ್ಕೆ ಕೊಡುತ್ತದೆ. ನಮ್ಮ ಧಾರವಾಡ ಸೀಮೆಗೆ ಹಾರ್ಮೋನಿಯಂ ಹೊಸದಲ್ಲ. ನುಡಿಸುವವನ ಎಡಗೈ ತಿದಿಯನ್ನು ಒತ್ತಿ ಬಿಡುತ್ತಿದ್ದರೂ ಸ್ವರ ಕಡಿಯುವುದಿಲ್ಲ. ಪೆಟ್ಟಿಗೆಯೊಳಗಿನ ಇನ್ನೊಂದು ತಿದಿ ಗಾಳಿಯನ್ನು ಕೂಡಿಟ್ಟು ಸಮನಾಗಿ ಬಿಡುತ್ತಿರುತ್ತದೆ. ಕೈಯನ್ನು ಎಲ್ಲರೂ ನೋಡುತ್ತಾರೆ, ಒಳಗಿನ ತಿದಿಯನ್ನು ನೋಡುವವರು ಯಾರು?

ಈ ಒಳಗಿನ ಕೆಲಸವನ್ನು ಅಳೆಯಲು ಹೊರಟ ಮನುಷ್ಯನ ದಾರಿ ಮೊದಲಿಗೆ ಮೃದುವಾಗಿರಲಿಲ್ಲ. ಸ್ಟೀಫನ್ ಹೇಲ್ಸ್ ಎಂಬ ಇಂಗ್ಲೆಂಡಿನ ಪಾದ್ರಿ ಹೆಣ್ಣುಕುದುರೆಯೊಂದನ್ನು ಕಟ್ಟಿಹಾಕಿ, ಅದರ ಅಪಧಮನಿಗೆ ಉದ್ದನೆಯ ಗಾಜಿನ ಕೊಳವೆ ಜೋಡಿಸಿದ. ರಕ್ತ ಎಂಟು ಅಡಿಗೂ ಮೇಲೇರಿ, ಬಡಿತ ಬಡಿತಕ್ಕೂ ಏರಿಳಿಯಿತು. 1733ರಲ್ಲಿ ಅವನು ಅದನ್ನು ಬರೆದಿಟ್ಟ. ಇಂದು ನಮ್ಮ ತೋಳಿಗೆ ಪಟ್ಟಿ ಸುತ್ತಿ ನೋವಿಲ್ಲದೆ ಪಡೆಯುವ ಅಂಕಿಯ ಹಿಂದೆ ಆ ಮೂಕಪ್ರಾಣಿಯ ಋಣವಿದೆ, ಅದನ್ನು ಮರೆಯುವುದು ಸರಿಯಲ್ಲ. 1896ರಲ್ಲಿ ಇಟಲಿಯ ರಿವಾ-ರೊಚ್ಚಿ ತೋಳಪಟ್ಟಿಯನ್ನು ತಂದ. 1905ರಲ್ಲಿ ರಷ್ಯಾದ ಕೊರೊಟ್ಕಾಫ್ ಪಟ್ಟಿಯ ಕೆಳಗೆ ಕಿವಿಗೊಟ್ಟು ಆಲಿಸುವುದನ್ನು ಕಲಿಸಿದ. ಇವೆರಡರ ನಡುವೆ, 1899ರಲ್ಲಿ, ಜರ್ಮನಿಯ ಓಟೊ ಫ್ರಾಂಕ್ ಮಹಾಪಧಮನಿಯನ್ನು ಗಣಿತಕ್ಕೆ ಇಳಿಸಿದ. ಅವನ ಮಾದರಿಯಲ್ಲಿ ಇರುವುದು ಎರಡೇ ಸಂಗತಿ: ದೊಡ್ಡ ನಾಳ ಎಷ್ಟು ಹಿಗ್ಗಿಕೊಡುತ್ತದೆ, ಮುಂದಿನ ಸಣ್ಣ ನಾಳಗಳು ಎಷ್ಟು ತಡೆಯೊಡ್ಡುತ್ತವೆ. ಇಷ್ಟು ಜಟಿಲವಾದ ದೇಹದಲ್ಲಿ ಎರಡನ್ನೇ ಉಳಿಸಿಕೊಂಡು ಮಿಕ್ಕದ್ದನ್ನು ಬಿಡುವುದಕ್ಕೆ ಎಂಥ ಧೈರ್ಯ ಬೇಕು! ಯಾವುದನ್ನು ಬಿಡಬಹುದು ಎಂಬುದು ತಿಳಿಯದೆ ಯಾವುದನ್ನಾದರೂ ಅರಿಯಲು ಸಾಧ್ಯವೇ?

ವಯಸ್ಸಾದಂತೆ ಈ ಹಿಗ್ಗುವ ಗುಣ ಕುಂದುತ್ತದೆ. ಆಗ ಮೇಲಿನ ಅಂಕಿ ಏರುತ್ತದೆ, ಕೆಳಗಿನದು ಇಳಿಯುತ್ತದೆ. ನಾಡಿಯ ಅಲೆ ಕತ್ತಿನಿಂದ ತೊಡೆಸಂದಿಗೆ ಎಷ್ಟು ಬೇಗ ಮುಟ್ಟುತ್ತದೆ ಎಂದು ಅಳೆದರೆ ಬಿಗಿತ ತಿಳಿಯುತ್ತದೆ. ಎಳೆಯ ನಾಳದಲ್ಲಿ ಅದರ ವೇಗ ಸೆಕೆಂಡಿಗೆ ಐದಾರು ಮೀಟರ್, 10 ದಾಟಿದರೆ ವೈದ್ಯರು ಎಚ್ಚರಗೊಳ್ಳುತ್ತಾರೆ. ಬಿಗಿದ ನಾಳದಲ್ಲಿ ಅಲೆ ಬೇಗ ಹೋಗಿ ಬೇಗ ಮರಳುತ್ತದೆ, ಹೃದಯ ಇನ್ನೂ ನೂಕುತ್ತಿರುವಾಗಲೇ ಎದುರಾಗಿ ಅದರ ಹೊರೆ ಹೆಚ್ಚಿಸುತ್ತದೆ. ತೋಳಿನಲ್ಲಿ ಒಂದೇ ಅಂಕಿ ಇರುವ ಇಬ್ಬರ ಮಹಾಪಧಮನಿಯೊಳಗೆ ಬೇರೆ ಬೇರೆ ಒತ್ತಡ ಇರಬಹುದು. ಹಾಗೆಂದು ತೋಳಿನ ಅಂಕಿ ಸುಳ್ಳಲ್ಲ. ಅದು ದೂರದಿಂದ ಬಂದ ಸುದ್ದಿ, ಅಷ್ಟೇ.

ಬಿಗಿತದ ಬೀಜ ಎಲ್ಲಿದೆ? ಈ ಪ್ರಶ್ನೆಯನ್ನು ನಮ್ಮ ನಾಡಿನಲ್ಲೇ ಕೇಳಲಾಗಿದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಮೆಮೋರಿಯಲ್ ಆಸ್ಪತ್ರೆ, ಜನರ ಬಾಯಲ್ಲಿ ಮಿಷನ್ ಆಸ್ಪತ್ರೆ, 1934ರಿಂದ ಅಲ್ಲಿ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಬರೆದಿಟ್ಟಿತ್ತು. ಆ ಕೂಸುಗಳು ನಡುವಯಸ್ಸು ತಲುಪಿದಾಗ ಸಂಶೋಧಕರು ಅವರನ್ನು ಹುಡುಕಿಕೊಂಡು ಹೋದರು. ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಹೃದಯದ ರಕ್ತನಾಳದ ಕಾಯಿಲೆ ಹೆಚ್ಚು ಎಂದು 1996ರಲ್ಲಿ ವರದಿಯಾಯಿತು. ನಾಳಗಳ ಬಿಗಿತಕ್ಕೂ ಅದೇ ಕಾರಣವಿರಬಹುದೆಂದು ನಾನೂರಕ್ಕೂ ಹೆಚ್ಚು ಜನರ ನಾಡಿಯ ಅಲೆಯನ್ನು ಅಳೆದರು. ಇಂಗ್ಲೆಂಡಿನಲ್ಲಿ ಅಂಥ ನಂಟು ಕಂಡಿತ್ತು. 2000ದಲ್ಲಿ ಪ್ರಕಟವಾದ ಮೈಸೂರಿನ ಉತ್ತರ ಬೇರೆಯಾಗಿತ್ತು: ಚಿಕ್ಕದಾಗಿ ಹುಟ್ಟಿದ್ದಕ್ಕೂ ಏರಿದ ರಕ್ತದೊತ್ತಡ, ಬಿಗಿತಗಳಿಗೂ ನಂಟಿಲ್ಲ.

ನಿರೀಕ್ಷೆಗೆ ಒಗ್ಗದ ಈ ಉತ್ತರ ನನಗೆ ಬಹಳ ಪ್ರಿಯ. ಬೇರೆ ನಾಡಿನ ಮಾದರಿ ನಮ್ಮ ಮೈಗೆ ಹಾಗೇ ಹೊಂದಬೇಕೆಂದಿಲ್ಲ, ಅಳೆದೇ ನೋಡಬೇಕು. ಅಳೆಯಲು ಸಾಧ್ಯವಾದದ್ದಾದರೂ ಯಾರಿಂದ? ದಶಕಗಳ ಹಿಂದೆ ನಸುಕಿನಲ್ಲೋ ನಡುರಾತ್ರಿಯಲ್ಲೋ ಕೂಸನ್ನು ತೂಗಿ, ಸರಿಯಾಗಿ ಬರೆದಿಟ್ಟ ದಾದಿಯರಿಂದ. ಅವರಿಗೆ ಫಲ ಕಾಣಲಿಲ್ಲ, ಫಲವಿದೆಯೆಂದೂ ಗೊತ್ತಿರಲಿಲ್ಲ. ಇಂದು ನಮ್ಮ ಹಳ್ಳಿಗಳ ತಾಯಿ ಕಾರ್ಡುಗಳಲ್ಲಿ, ಅಂಗನವಾಡಿಯ ವಹಿಗಳಲ್ಲಿ, ಆಶಾ ಕಾರ್ಯಕರ್ತೆಯರ ಪುಸ್ತಕಗಳಲ್ಲಿ ಅಂಥವೇ ಅಂಕಿಗಳು ದಿನವೂ ಸೇರುತ್ತಿವೆ. ಅವನ್ನು ಸರಕಾರದ ಲೆಕ್ಕಕ್ಕಾಗಿ ತುಂಬುವ ಕಾಗದವೆಂದು ಕಾಣುವುದೋ, ಇನ್ನೂ ಹುಟ್ಟದ ವೈದ್ಯನೊಬ್ಬನ ಪ್ರಶ್ನೆಗೆ ಈಗಲೇ ಬರೆದಿಡುವ ಉತ್ತರವೆಂದು ಕಾಣುವುದೋ? ಎರಡನೆಯದೇ ಸರಿಯೆಂದರೆ, ಆ ವಹಿಗಳು ತುಂಬಿದ ಮೇಲೆ ರದ್ದಿಯ ಅಂಗಡಿಗೆ ಹೋಗದಂತೆ ನೋಡಿಕೊಳ್ಳುವ ಹೊಣೆ ಪಂಚಾಯಿತಿಯದೂ ಹೌದು, ನಮ್ಮದೂ ಹೌದು.